ಅಣ್ಣನ ಹಾಜರಿ

ಮಾರ್ಚ್ 3, ಮಧ್ಯಾಹ್ನ

ಮತ್ತೊಂದು ಕೀಲಿ ಹಾಳು ಮಾಡಿದೆ. ಹಲ್ಲನ್ನು ತೀರಾ ಆಳವಾಗಿ ಕೊರೆದುಬಿಟ್ಟೆ.

"ನಿನ್ನ ಕೈಗೆ ಅದೇನಮ್ಮ ಅವಸರ? ಸ್ಕೂಲನ್ನೂ ಹೀಗೇ ಅರ್ಧಕ್ಕೆ ಬಿಟ್ಟು ಬಂದ್ಯಾ?" ಎಂದರು ನಾನು ಕೆಲಸ ಕಲಿಯುವ ಬೀಗದಂಗಡಿಯ ಮಾಲೀಕರು. ಹೌದು, ಹೀಗೇ. ಸುಳ್ಳೇಕೆ ಹೇಳಲಿ.

ಅವಸರವಲ್ಲ, ಹೊಟ್ಟೆಕಿಚ್ಚು. ಬೆಳಿಗ್ಗೆ ಅಣ್ಣ ಫೋನ್ ನೋಡಿ ನಕ್ಕ. ಸೈನ್ಯ ಬಿಟ್ಟು ಬಂದು ವರ್ಷವಾಯಿತು, ಮನೆಯಲ್ಲಿ ನಾವಿಬ್ಬರೇ — ನನ್ನ ಮುಂದೆ ಹಾಗೆ ನಕ್ಕಿಲ್ಲ. ನನಗೆ "ಹೂಂ", ಇಲ್ಲವೆಂದರೆ "ಉಹೂಂ". ನಗುವೆಲ್ಲ ಆ ಮಾಜಿ ಸೈನಿಕರ ಗ್ರೂಪಿಗೆ. ಅದರಲ್ಲೂ ರೇಡಿಯೋ ಅನ್ನುವವನಿಗೆ. ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದನಂತೆ, ಅದಕ್ಕೆ ಆ ಹೆಸರು. ಅಣ್ಣ ಅವನ ಮುಖವನ್ನೂ ಕಂಡಿಲ್ಲ!

ಮಾರ್ಚ್ 4

ಅಣ್ಣ ಸ್ನಾನಕ್ಕೆ ಹೋದಾಗ ಅವನ ಫೋನ್ ತೆರೆದೆ. ಪ್ಯಾಟರ್ನ್ ಗೊತ್ತು. ತಪ್ಪು ಅಂತಲೂ ಗೊತ್ತು.

ಗ್ರೂಪಿನ ಮೇಲ್ಗಡೆ ಒಂದು ಪೋಸ್ಟ್ ಪಿನ್ ಮಾಡಿದ್ದಾರೆ. ಸಾಯುವ ಯೋಚನೆ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳನ್ನು ಯಾರ ಕೈಗೆ ಒಪ್ಪಿಸಬೇಕು... ಇದೆಲ್ಲ ನಮ್ಮಣ್ಣನಿಗೆ ಯಾಕೆ?

ಅವರದೊಂದು ಪದ್ಧತಿ. ದಿನಾ ಬೆಳಿಗ್ಗೆ ಎಲ್ಲರೂ "ಹಾಜರ್" ಎಂದು ಬರೆಯಬೇಕು. ಬರೆಯದವನಿಗೆ ಸಂಜೆಯೊಳಗೆ ಅವನ ಜೋಡಿ ಫೋನ್ ಮಾಡುತ್ತಾನೆ. ಅಣ್ಣನ ಜೋಡಿ ಇನ್ಯಾರು, ರೇಡಿಯೋ. ಒಡಹುಟ್ಟಿದವಳು ನಾನು. ಜೋಡಿ ಅವನಂತೆ.

ಮಾರ್ಚ್ 9

ಅಣ್ಣ ನಿನ್ನೆಯಿಂದ ಎದ್ದಿಲ್ಲ. ಗೋಡೆ ಕಡೆ ಮುಖ. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ ಫೋನ್ ಅಲ್ಲೇ ಇದೆ.

"ಹಾಜರ್" ನಾನೇ ಹಾಕಿದೆ. ನಿನ್ನೆಯೂ, ಇವತ್ತೂ. ಇಲ್ಲದಿದ್ದರೆ ರೇಡಿಯೋ ಫೋನ್ ಮಾಡುತ್ತಾನೆ, ಅಣ್ಣ ಮನಸ್ಸಿನಲ್ಲಿದ್ದುದನ್ನೆಲ್ಲ ಅವನಿಗೇ ಹೇಳಿಕೊಳ್ಳುತ್ತಾನೆ. ಈ ಸಲ ನನಗೆ ಹೇಳಲಿ.

ತಟ್ಟೆ ಹಿಡಿದು ಬಾಗಿಲಲ್ಲಿ ಕುಳಿತೆ. ಊಟ ಆರಿತು.

ಮಾರ್ಚ್ 10, ಸಂಜೆ

ಆದದ್ದನ್ನು ಬರೆಯುತ್ತೇನೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅಣ್ಣನ ಫೋನ್ ಬಡಿದುಕೊಳ್ಳುತ್ತಿತ್ತು. ರೇಡಿಯೋ. ಎತ್ತಿ "ಹಲೋ" ಎಂದೆ.

"ಯಾರಮ್ಮ, ಬಾಲನಾ?"

ಚಿಕ್ಕವಳಿದ್ದಾಗ ಸದಾ ಅಣ್ಣನ ಹಿಂದೆಯೇ ಸುತ್ತುತ್ತಿದ್ದೆ, ಅದಕ್ಕೆ ಅವನಿಟ್ಟ ಹೆಸರು. ಮನೆಯೊಳಗಿನದು. ಇವನಿಗೆ ಹೇಗೆ ಗೊತ್ತು?

"ನಿನ್ನ ಕಥೆ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ ಕಣಮ್ಮ. ಅದಿರಲಿ, ಮೂರು ದಿನದಿಂದ ಹಾಜರ್ ಹಾಕ್ತಿರೋದು ಯಾರು? ನನಗೊಂದು ಬೈಗುಳ ಸೇರಿಸದೆ ನಿಮ್ಮಣ್ಣ ಯಾವತ್ತೂ ಹಾಕಿದವನಲ್ಲ."

"ನಾನೇ," ಎಂದೆ. "ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ." ಅಣ್ಣ ಎದ್ದಿಲ್ಲವೆಂದೂ ಹೇಳಿದೆ.

ಬೈಯಲಿಲ್ಲ. "ನಾನು ಈಗಲೇ ಬಸ್ ಹತ್ತಿದ್ರೂ ತಲುಪೋದು ನಾಳೆ. ನೀನು ಪಕ್ಕದ ರೂಮಲ್ಲಿದ್ದೀಯ. ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಕೇಳು."

"ಕೇಳಿದ್ರೆ, ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ?"

"ಆಗಲ್ಲ. ನನ್ನನ್ನ ಒಬ್ಬ ಹಾಗೆ ಕೇಳಿದ್ದಕ್ಕೇ ಇವತ್ತು ನಿನ್ನ ಜೊತೆ ಮಾತಾಡ್ತಿದ್ದೀನಿ. ಫೋನ್ ಇಡಬೇಡ. ಹೋಗು."

ಕೇಳಿದೆ. ಅದೇ ಮಾತಿನಲ್ಲಿ. ಅಣ್ಣ ನನ್ನ ಕಡೆ ತಿರುಗಿದ.

"ಹೂಂ."

ವರ್ಷವಿಡೀ ಕೇಳಿದ "ಹೂಂ" ಅಲ್ಲ ಅದು. ಪಕ್ಕದಲ್ಲಿ ಕುಳಿತೆ. ತುಂಬಾ ಹೊತ್ತು ಅತ್ತ. ನಾನೂ ಅತ್ತೆ. ಸ್ಪೀಕರಿನಲ್ಲಿ ರೇಡಿಯೋ — ಅವನ ಉಸಿರಾಟ ಕೇಳುತ್ತಲೇ ಇತ್ತು.

ಆಮೇಲೆ ಪಿನ್ ಮಾಡಿದ ಆ ನಂಬರಿಗೆ ಅಣ್ಣನೇ ಮಾತಾಡಿದ. ಬೆಳಿಗ್ಗೆ ಡಾಕ್ಟರ ಬಳಿ ಹೋಗಬೇಕು. ಸೈನ್ಯದ ಟ್ರಂಕಿನಲ್ಲಿ ಏನಿಟ್ಟಿದ್ದಾನೆಂದು ತೋರಿಸಿದ. ಬರೆಯುವುದಿಲ್ಲ. ನಾನು ಫೋನ್ ಮಾಡಿದ್ದಕ್ಕೆ ಮಾಲೀಕರೇ ಗಟ್ಟಿ ಬೀಗ ತಂದು ಜಡಿದು, ಟ್ರಂಕನ್ನು ಅಂಗಡಿಗೆ ಸಾಗಿಸಿದರು. ನಾನು ಅಣ್ಣನ ಪಕ್ಕದಿಂದ ಏಳಲಿಲ್ಲ.

ಮಾರ್ಚ್ 11, ಸಂಜೆ

ಡಾಕ್ಟರ ಬಳಿ ಹೋಗಿ ಬಂದೆವು. ಮುಂದಿನ ವಾರ ಮತ್ತೆ.

ರೇಡಿಯೋ ನಿನ್ನೆಯೇ ಬಸ್ ಹತ್ತಿದ್ದಾನಂತೆ; ಬಂದ ಮೇಲೆ ಟ್ರಂಕಿನ ಬೀಗದ ಕೀಲಿಯನ್ನು ಅವನಿಗೆ ಕೊಡಬೇಕು ಎಂದ ಅಣ್ಣ. ಮೈಯೆಲ್ಲ ಉರಿಯಿತು.

"ನನಗ್ಯಾಕಲ್ಲ?"

"ಟ್ರಂಕು ನಿನ್ನ ಅಂಗಡೀಲಿ, ಕೀಲಿ ಅವನ ಜೇಬಲ್ಲಿ. ನನಗೆ ಇಬ್ರೂ ಬೇಕು ಕಣೇ ಬಾಲ."

"ಆ ಬೀಗ ನಾನು ಕೀಲಿ ಇಲ್ದೇನೂ ತೆಗೀತೀನಿ."

"ಗೊತ್ತು. ಗೊತ್ತಿದ್ದೇ ನಿನ್ನ ಹತ್ರ ಬಿಟ್ಟಿರೋದು."

ಗ್ರೂಪಿನಲ್ಲಿ ಇವತ್ತು ಅಣ್ಣನೇ ಬರೆದ. "ಹಾಜರ್. ರೇಡಿಯೋ, ನಿನ್ನ ಗೊರಕೆಗೆ ಬಸ್ಸಿನವರು ಅರ್ಧದಾರೀಲಿ ಇಳಿಸಿಬಿಟ್ಟಾರು." ಹೇಳಿಕೊಳ್ಳುವಂಥ ಜೋಕ್ ಅಲ್ಲ. ಮತ್ತೆ ಮತ್ತೆ ಓದಿದೆ.

ಹೊಟ್ಟೆಕಿಚ್ಚು ಹೋಗಿಲ್ಲ. ರೇಡಿಯೋವನ್ನು "ಅವರು" ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಇಬ್ಬರೂ ಕೂತು ನಗುತ್ತಾರೆ, ನಾನು ಗೋಡೆಯಾಚೆ ಕೇಳಿಸಿಕೊಳ್ಳಬೇಕು. ನಗಲಿ... ಜೋರಾಗಿಯೇ ನಗಲಿ.

ಬಾಗಿಲು ಬಡಿದ ಸದ್ದು. ತೆಗೆಯೋಣವೆಂದು ನಾನು ಏಳುವಷ್ಟರಲ್ಲಿ ಅಣ್ಣನೇ —