ಕ್ಯಾಮೆರಾ ಹೇಳಿದ ತಾರೀಖು

ಮಾರ್ಚ್ 3, ಬೆಳಗ್ಗೆ 6.20

ಗೂಡಿನಿಂದ ನಲವತ್ತು ಹೆಜ್ಜೆ ದೂರ. ಇನ್ನೂ ಹತ್ತಿರ ಹೋದರೆ ತಾಯಿ ಹಾರುತ್ತದೆ, ಮರಿಗಳು ಹೆದರಿ ಅಂಚಿಗೆ ಸರಿಯುತ್ತವೆ. ಇಪ್ಪತ್ತು ನಿಮಿಷ ಕ್ಯಾಮೆರಾ ಮುಟ್ಟಬಾರದು — ಮೊದಲು ಹಕ್ಕಿಯ ಪಾಲಿಗೆ ನಾವು ಕಲ್ಲಾಗಬೇಕು. ಟ್ರೈಪಾಡ್ ಗಾಳಿಗೆ ನಡುಗಿತು. ಚೀಲಕ್ಕೆ ಕಲ್ಲು ತುಂಬಿ ಅದರ ನಡುವಿಗೆ ನೇತುಹಾಕಿದೆ. ಡೇಗೆ ಹಕ್ಕಿಯ ಗೂಡು, ಮರಿ ಮೂರು. ನೂರಾ ಹನ್ನೆರಡು ಕ್ಲಿಕ್, ನೆಟ್ಟಗೆ ಬಂದದ್ದು ಒಂಬತ್ತು. ಒಂಬತ್ತು ಸಾಕು.

ಗುಡ್ಡದ ಮೇಲೆ ಜಲ್ಲಿ ಕ್ವಾರಿಯವರ ಕಣ್ಣು ಬಿದ್ದಿದೆ. ಅವರ ಸರ್ವೆ ವರದಿಯಲ್ಲಿ ಒಂದು ಸಾಲು: 'ಬಂಡೆಯ ಮೇಲೆ ಯಾವ ಹಕ್ಕಿಯೂ ಗೂಡು ಕಟ್ಟಿಲ್ಲ.' ಆಕ್ಷೇಪಣೆಗೆ 20ನೇ ತಾರೀಖು ಕೊನೆ. ಇಲ್ಲದ ಗೂಡಿನಿಂದ ಇವತ್ತು ಮೂರು ಬಾಯಿ ನನ್ನ ಲೆನ್ಸಿನ ಕಡೆ ತೆರೆದಿದ್ದವು.

ಮಾರ್ಚ್ 4

ಕ್ವಾರಿ ಗುತ್ತಿಗೆದಾರ ಸ್ಟುಡಿಯೋಗೆ ಬಂದ. ಪಾಸ್‌ಪೋರ್ಟ್ ಫೋಟೋ ನೆಪ.

"ಅಕ್ಕಾ, ಇಪ್ಪತ್ತೆರಡು ವರ್ಷ ಜನರ ಮುಖ ತೆಗೆದ್ರಿ. ಈಗ ಹಕ್ಕಿ ಮುಖ ಯಾಕೆ?"

"ಹಕ್ಕಿಗಳು ಬೆಳ್ಳಗೆ ಮಾಡಿಕೊಡಿ ಅಂತ ಕಾಡಲ್ಲ ಕಣಪ್ಪ. ಗಲ್ಲ ಎತ್ತು. ನಗಬೇಡ."

"ಮೊಣಕಾಲು ನೋವಿರೋರು ಬಂಡೆ ಹತ್ತಬಾರದು, ಅಕ್ಕಾ."

ನಗಬೇಡ ಅಂದರೂ ನಕ್ಕ. ಎಂಟು ಪ್ರತಿ ಕೊಟ್ಟೆ, ನಗುತ್ತಿರುವುದನ್ನೇ. ಯಾವ ಆಫೀಸಿನಲ್ಲೂ ತೆಗೆದುಕೊಳ್ಳುವುದಿಲ್ಲ.

ಮಾರ್ಚ್ 9

ಹೋಯಿತು. ಪಟ್ಟ ಪಾಡೆಲ್ಲ ನೀರಲ್ಲಿ ಹೋಯಿತು.

ಆಕ್ಷೇಪಣೆ ಕೇಳುವ ಸಾಹೇಬರ ಮೇಜಿನ ಮೇಲೆ ಒಂಬತ್ತೂ ಪ್ರಿಂಟ್ ಹರಡಿದೆ. ಮೆಮೊರಿ ಕಾರ್ಡನ್ನೂ ಕೊಟ್ಟೆ. ಕಂಪ್ಯೂಟರಿಗೆ ಹಾಕಿದರು. ಫೋಟೋ ನೋಡಲಿಲ್ಲ, ಫೋಟೋದ ತಾರೀಖು ನೋಡಿದರು.

"ಮೇಡಂ, ಇದು ಆರು ವರ್ಷ ಹಿಂದಿಂದು."

"ಹೋದ ವಾರದ್ದು ಸಾರ್!"

"ಹೇಳ್ತಿರೋದು ನಿಮ್ಮ ಕ್ಯಾಮೆರಾ, ನಾನಲ್ಲ."

ರಿಪೇರಿಯಿಂದ ಬಂದಾಗ ಕ್ಯಾಮೆರಾ ತಾರೀಖು ಕೇಳಿತ್ತು. ಅವಸರಕ್ಕೆ ಓಕೆ, ಓಕೆ ಅಂತ ಒತ್ತಿದ್ದೆ. ಸ್ಟುಡಿಯೋದಲ್ಲಿ ಅದು ಯಾರಿಗೆ ಬೇಕಿತ್ತು? ಪಾಠ: ಲೆನ್ಸ್ ಒರೆಸುವ ಮೊದಲು ತಾರೀಖು ನೋಡು. ಯಾರನ್ನು ಬೈಯಲಿ — ಸಾಕ್ಷಿ ನನ್ನದೇ, ಉಲ್ಟಾ ಹೊಡೆದದ್ದೂ ನನ್ನದೇ.

ಅದೇ ದಿನ, ಸಂಜೆ

ಯಜಮಾನರು ಹೊಲಿಗೆ ಮಿಷನ್ನಿನಿಂದ ಕಣ್ಣೆತ್ತಲಿಲ್ಲ. "ಸಾಕು ಬಿಡೆ. ಗುಡ್ಡ ಅಗೆದ್ರೆ ನಿನ್ನ ತಲೆ ಮೇಲೆ ಬೀಳುತ್ತಾ?"

"ರೀ, ಹೊಲಿಗೆ ತಪ್ಪಿದ್ರೆ ಬಟ್ಟೆ ಬಿಸಾಕ್ತೀರಾ?"

"ಬಿಚ್ಚಿ ಮತ್ತೆ ಹೊಲೀತೀನಿ."

"ನಾನೂ ಅಷ್ಟೇ."

ಮಲಗುವ ಮುಂಚೆ ನೋಡಿದರೆ, ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಮೊಣಕಾಲಿಗೊಂದು ದಪ್ಪ ಪಟ್ಟಿ. ಹೊಲಿದು ನನ್ನ ಕ್ಯಾಮೆರಾ ಚೀಲದ ಮೇಲಿಟ್ಟಿದ್ದಾರೆ.

ಮಾರ್ಚ್ 15

ಐದು ದಿನ ಮಂಜು. ಮಂಜಿನ ಫೋಟೋ ನೋಡಲು ಚೆಂದ, ಸಾಕ್ಷಿಗೆ ಬಾರದು.

ಇವತ್ತು ಬಿಸಿಲು. ತಾರೀಖು ಮೂರು ಸಲ ನೋಡಿದೆ. ನಂಬಿಕೆ ಸಾಲದೆ, ಇವತ್ತಿನ ಪೇಪರನ್ನು ನಲವತ್ತನೇ ಹೆಜ್ಜೆಯ ಕಲ್ಲಿಗೆ ಒರಗಿಸಿ ನಾನು ಇನ್ನೂ ಇಪ್ಪತ್ತು ಹೆಜ್ಜೆ ಹಿಂದೆ ಸರಿದೆ. ಪೇಪರೂ ಗೂಡೂ ಎರಡೂ ಸ್ಪಷ್ಟ ಬರಬೇಕೆಂದರೆ ಲೆನ್ಸಿನ ಕಿಂಡಿ ಸಣ್ಣದಾಗಬೇಕು. ಕಿಂಡಿ ಸಣ್ಣದಾದರೆ ಶಟರ್ ನಿಧಾನ. ಶಟರ್ ನಿಧಾನವಾದರೆ ಮರಿ ಅಲುಗಿ ಮಸುಕು. ಅವು ತೂಕಡಿಸುವವರೆಗೆ ಕಾದೆ — ಒಂದು ಗಂಟೆ ಹತ್ತು ನಿಮಿಷ.

ಮರಿ ಈಗ ಎರಡೇ. ಒಂದು ಆಗಲೇ ಹಾರಿದೆ. ಉಳಿದವೂ ರೆಕ್ಕೆ ಬಡಿಯುತ್ತಿವೆ...

ಮಾರ್ಚ್ 16

"ಪೇಪರನ್ನ ಕಂಪ್ಯೂಟರಲ್ಲಿ ಅಂಟಿಸಬಹುದಲ್ವಾ ಮೇಡಂ? ಸ್ಟುಡಿಯೋದವರು, ನಿಮಗೆ ಗೊತ್ತಿಲ್ಲದ್ದಾ?"

"ಸರಿ ಸಾರ್. ಹಾಗಾದ್ರೆ ನೀವೇ ಬಂದು ನೋಡಿ."

"ನಾನಾ? ಗುಡ್ಡಕ್ಕಾ?"

"ಗೂಡಿಲ್ಲ ಅಂತ ಬರೆದೋರು ಯಾರೂ ಹತ್ತಿಲ್ಲ. ಇದೆ ಅನ್ನೋದಕ್ಕಾದ್ರೂ ಒಬ್ಬರು ಹತ್ತಲಿ."

ಆಫೀಸಿನವರೆಲ್ಲ ಫೈಲಿನಿಂದ ತಲೆ ಎತ್ತಿದರು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಊಟದ ಹೊತ್ತಾಯಿತು, ಕೂತಿದ್ದೆ. ಕಸ ಗುಡಿಸುವವಳು ಬಂದಳು, ಕಾಲೆತ್ತಿ ಕೂತಿದ್ದೆ. ಇಪ್ಪತ್ತು ನಿಮಿಷ ಕಲ್ಲಾಗಬಲ್ಲವಳಿಗೆ ಆರು ಗಂಟೆ ಯಾವ ಲೆಕ್ಕ? ನಾಲ್ಕೂವರೆಗೆ ಸಾಹೇಬರು ಸೋತರು. "ಆಯ್ತು ತಾಯಿ, ಹತ್ತೊಂಬತ್ತಕ್ಕೆ."

ಮಾರ್ಚ್ 19, ಬೆಳಗ್ಗೆ 7.05, ಗುಡ್ಡದ ಮೇಲೆ

ಒಂದೇ ಮರಿ. ಅದೂ ತುದಿಯಲ್ಲಿ ನಿಂತಿದೆ. ಇದೂ ಹಾರಿದರೆ ಖಾಲಿ ಗೂಡು. ಖಾಲಿ ಗೂಡನ್ನು ಯಾರೂ ಗೂಡು ಅನ್ನುವುದಿಲ್ಲ, ಕಸ ಅನ್ನುತ್ತಾರೆ. ಸಾಹೇಬರು ಇನ್ನೂ ಅರ್ಧ ದಾರಿಯಲ್ಲಿ ಸೊಂಟ ಹಿಡಿದು ನಿಂತಿದ್ದಾರೆ. ಕೂಗುವಂತಿಲ್ಲ. ಕೈಬೀಸಿ ಬೀಸಿ ತೋಳು ನೋವು.

7.40

ಕೊನೆಗೂ ತಂದು ಕ್ಯಾಮೆರಾ ಹಿಂದೆ ಕೂರಿಸಿದೆ.

"ಎಲ್ಲಿ? ಬರೀ ಕಲ್ಲು."

"ಬಿಳೀ ಗೆರೆ ಇದೆಯಲ್ಲ, ಹಿಕ್ಕೆ. ಅದರ ಮೇಲೆ ನೋಡಿ."

ಕಣ್ಣು ಕ್ಯಾಮೆರಾಗೆ ಒತ್ತಿದರು. ಆಮೇಲೆ — "ಅಯ್ಯೋ, ನನ್ನನ್ನೇ ದುರುಗುಟ್ಟಿ ನೋಡ್ತಿದೆ ಕಣ್ರೀ!"

ಅವರ ಬೆರಳು ಹಿಡಿದು ಬಟನ್ ಮೇಲಿಟ್ಟೆ. "ಉಸಿರು ಬಿಟ್ಟು, ಮೆಲ್ಲಗೆ ಒತ್ತಿ."

ಒತ್ತಿದರು. ಹನ್ನೊಂದು ಸಲ. ತಾರೀಖು ಸರಿ, ಗಂಟೆ ಸರಿ, ಬೆರಳು ಸರ್ಕಾರದ್ದು. ಹನ್ನೆರಡನೆಯದಕ್ಕೆ ಮರಿ ಹಾರಿತು.

ಸಾಹೇಬರು ಸ್ಥಳ ತನಿಖೆಯ ಫಾರಂ ತೆಗೆದಿದ್ದಾರೆ. 'ಗೂಡು ಇದೆ / ಇಲ್ಲ' — ಒಂದನ್ನು ಹೊಡೆದುಹಾಕಿ ಸಹಿ ಮಾಡಬೇಕು. ಜೇಬು ತಡಕುತ್ತಿದ್ದಾರೆ. ಆ ಜೇಬು, ಈ ಜೇಬು... ಪೆನ್ನು ಮರೆತು ಬಂದಿದ್ದಾರೆ ಪುಣ್ಯಾತ್ಮ! ಇಡೀ ಗುಡ್ಡಕ್ಕೆ ಇರುವುದೊಂದೇ ಪೆನ್ನು, ಅದು ಇದನ್ನು ಬರೆಯುತ್ತಿರುವ ನನ್ನ ಕೈಯಲ್ಲಿ — "ಕೊಡಿ ಮೇಡಂ" ಅಂತ ಕೈ ಚಾ