ಶನಿವಾರದ ಔಷಧಿ

ಶ್ರೀ ಕೊಟ್ಟೂರು ಬಸವೇಶ್ವರ ಪ್ರಸನ್ನ

ಕಂಪ್ಲಿ
೧೮-೧೧-೧೯೯೦, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಚೆನ್ನಬಸಮ್ಮನಿಗೆ ನಿನ್ನ ದೊಡ್ಡಮ್ಮ ಸುವರ್ಣಮ್ಮನ ಮನಸಾರೆ ಆಶೀರ್ವಾದಗಳು. ನಾನೂ ನಿಮ್ಮ ದೊಡ್ಡಪ್ಪನೂ ಆರೋಗ್ಯವಾಗಿದ್ದೇವೆ. ಸಿಂಧನೂರಿನಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆ ಮಾವ ಎಲ್ಲರೂ ಸುಖವಾಗಿದ್ದೀರೆಂದು ನಿನ್ನ ಪತ್ರದಿಂದ ತಿಳಿದು ಸಮಾಧಾನವಾಯಿತು.

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಪತ್ರ ದೀಪಾವಳಿಗೆ ಮುಂಚೆಯೇ ಬಂದಿತ್ತು. ಹಬ್ಬ ಮುಗಿಯುವಷ್ಟರಲ್ಲಿ ಹೊಸ ಭತ್ತದ ಗಾಡಿಗಳು ಬರತೊಡಗಿದವು. ಗಿರಣಿ ನಡೆಯುವ ದಿನಗಳಲ್ಲಿ ಈ ಮನೆಯಲ್ಲಿ ಕೂತು ಬರೆಯುವುದು ಕಷ್ಟ, ಬರೆಯುವ ಹಲಗೆಯೇ ನಡುಗುತ್ತಿರುತ್ತದೆ. ಇಂದು ಕರೆಂಟಿಲ್ಲ. ಗಿರಣಿ ನಿಂತಿದೆ. ನಿಮ್ಮ ದೊಡ್ಡಪ್ಪ ಪಡಸಾಲೆಯಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದಾರೆ. ನಿಜ ಹೇಳಬೇಕೆಂದರೆ, ಕಾಗದ ಮುಂದಿಟ್ಟುಕೊಂಡು ಕೂತು, ಏನೂ ಬರೆಯದೆ ಎದ್ದುಹೋದದ್ದೂ ಉಂಟು.

ನಿನ್ನ ಪತ್ರ ಓದಿ ನಕ್ಕೆ, ಚೆನ್ನೀ. ಮದುವೆಯಾಗಿ ಇಷ್ಟು ತಿಂಗಳಾದರೂ ಇಬ್ಬರೇ ಕೂತು ಒಂದು ಲೋಟ ಚಹಾ ಕುಡಿದಿಲ್ಲ ಎಂದು ಬರೆದಿದ್ದೀ. ಅಳಿಯಂದಿರಿಗೆ ಬ್ಯಾಂಕಿನಲ್ಲಿ ಶನಿವಾರ ಅರ್ಧ ದಿನ, ಭಾನುವಾರ ರಜೆ. ಹೊಸಪೇಟೆಯ ಡ್ಯಾಂ, ಹಂಪಿ ನೋಡಿಕೊಂಡು ಬರಬೇಕೆಂದು ಆಸೆ, ಆದರೆ ಅತ್ತೆಗೆ ಏನು ಹೇಳಿ ಹೊರಡಬೇಕೋ ತಿಳಿಯುತ್ತಿಲ್ಲ ಎಂದು ಕೇಳಿದ್ದೀ. ಈ ಪ್ರಶ್ನೆಯನ್ನು ನೀನು ಸರಿಯಾದವಳಿಗೇ ಕೇಳಿದ್ದೀ. ನಾನೂ ನಿಮ್ಮ ದೊಡ್ಡಪ್ಪನೂ ಎಷ್ಟೋ ವರ್ಷ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಭಾನುವಾರ ಸಂಜೆಗೆ ಮರಳುತ್ತಿದ್ದವರು. ಏನು ಹೇಳಿ ಹೋಗುತ್ತಿದ್ದೆವು ಎಂಬುದನ್ನು ಕೇಳು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಎಲ್ಲಿ ನೋಡಿದರೂ ಭತ್ತ. ಗಿರಣಿ ಬಿಡುವಿಲ್ಲದೆ ಓಡುತ್ತಿತ್ತು. ಮನೆ ತುಂಬ ಜನ. ನಿಮ್ಮ ದೊಡ್ಡಪ್ಪ ತಲೆಯ ಮೇಲೆ ತೌಡು ಹೊತ್ತುಕೊಂಡು ಊಟಕ್ಕೆ ಬರುತ್ತಿದ್ದರು. ನಾನು ಬಡಿಸುತ್ತಿದ್ದೆ. ಅತ್ತೆ ಎದುರಿಗೇ ಕೂತಿರುತ್ತಿದ್ದರು. 'ಇನ್ನೊಂದು ರೊಟ್ಟಿ ಹಾಕ್ಲೇನ್ರಿ' ಎಂಬುದೇ ಹಗಲಿನಲ್ಲಿ ನಾನು ಗಂಡನ ಸಂಗಡ ಆಡುತ್ತಿದ್ದ ಮಾತು. ಒಳ್ಳೆಯವರು ಎಂದು ಗೊತ್ತಿತ್ತು. ಎಂಥವರು ಎಂದು ಗೊತ್ತಿರಲಿಲ್ಲ.

ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ನನ್ನ ಅತ್ತೆ, ನಿಮ್ಮಜ್ಜಿ ಉಚ್ಚೆಂಗಮ್ಮನವರೇ, 'ಹೊಸಪೇಟಿ ದವಾಖಾನಿಗೆ ಹೋಗಿ ತೋರಿಸ್ಕೊಂಡ್ ಬರ್ರಿ' ಎಂದು ಕಳಿಸಿದರು. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. ಮುಂದಿನ ಸಲ ಹೋದಾಗ ನಮ್ಮನ್ನು ಕೂರಿಸಿಕೊಂಡು, ನನ್ನಲ್ಲಿ ಯಾವ ತೊಂದರೆಯೂ ಇಲ್ಲವೆಂದೂ, ನಿಮ್ಮ ದೊಡ್ಡಪ್ಪನಿಂದ ಮಕ್ಕಳಾಗುವ ಸಂಭವವಿಲ್ಲವೆಂದೂ, ಚಿಕ್ಕಂದಿನಲ್ಲಿ ಬಂದಿದ್ದ ಮಂಗನಬಾವು ಕಾರಣವಿರಬಹುದೆಂದೂ ಮೆಲ್ಲಗೆ ಹೇಳಿದರು. ಔಷಧಿ ಬರೆದುಕೊಡಲಿಲ್ಲ.

ಹೊರಗೆ ಬಂದೆವು. ಕಂಪ್ಲಿ ಬಸ್ಸು ನಿಂತಿತ್ತು. ಇವರು ಅದನ್ನು ಹತ್ತಲಿಲ್ಲ. ಒಂದು ಟಾಂಗಾ ಕರೆದು, 'ಡ್ಯಾಮಿಗೆ ಹೊಡಿ' ಎಂದರು. ಯಾಕೆಂದು ನಾನು ಕೇಳಲಿಲ್ಲ. ಹಿನ್ನೀರಿನ ದಂಡೆಗೆ ಹೋಗಿ ಒಂದು ಬಂಡೆಯ ಮೇಲೆ ಕೂತೆವು. ಆಗ ಹೊಳೆ ತುಂಬಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಅಷ್ಟು ನೀರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೊನೆಗೆ ಇವರು, 'ಮನ್ಯಾಗ ಏನಂತ ಹೇಳಾಣ?' ಎಂದರು.

'ಔಷಧಿ ಕೊಟ್ಟಾರ, ತಿಂಗಳಾ ಬರಾಕ ಹೇಳ್ಯಾರ ಅಂತ ಹೇಳಾಣ' ಎಂದೆ.

'ಯಾರಿಗೆ ಔಷಧಿ?'

'ನನಗ.'

ನನ್ನನ್ನೇ ನೋಡಿದರು. 'ಎಲ್ಲಾರೂ ನಿನಗ ಅಂತಾರ, ಸುವರ್ಣಾ.'

'ಅನ್ಲಿ ಬಿಡ್ರಿ. ತಿಂಗಳಿಗೊಮ್ಮೆ ಇಲ್ಲಿ ಬಂದು ಕುಂದರಾಕ ಸಿಗತೈತಲ್ಲ.'

ದುಃಖದ ನಡುವೆ ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಇವರು ಮೊದಲು ನಕ್ಕರು. ಆಮೇಲೆ ಅತ್ತರು. ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

ಹೀಗೆ ನಮ್ಮ ಶನಿವಾರಗಳು ಸುರುವಾದವು. ಗುಡ್ಡದ ಮೇಲಿನ ಅತಿಥಿಗೃಹದಲ್ಲಿ ಮೂಲೆಯ ಕೋಣೆ. ಕಿಟಕಿ ತೆರೆದರೆ ನೀರು. ಅಲ್ಲಿ ಅಡುಗೆ ಮಾಡಿಕೊಂಡಿದ್ದವನು ಜಂಬಪ್ಪ. ನಾವು ಹೋಗುವುದು ತಿಳಿದಿದ್ದರೆ ಬದನೆಕಾಯಿ ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿ ಬಡಿದು ಇಟ್ಟಿರುತ್ತಿದ್ದ. ಅವನ ಊರು ನೀರಿನಡಿ ಹೋಗಿತ್ತು. 'ಅಲ್ಲಿ ತೆಪ್ಪ ಹೊಂಟೈತಿ ನೋಡ್ರಿ ಅಮ್ಮಾರೆ, ಅದರ ಬುಡಕ ನಮ್ಮನಿ' ಎಂದು ಪಡಸಾಲೆ ತೋರಿಸಿದಷ್ಟು ಸಲೀಸಾಗಿ ತೋರಿಸುತ್ತಿದ್ದ. ನಾವು ಯಾಕೆ ಬರುತ್ತೇವೆಂದು ಒಮ್ಮೆಯೂ ಕೇಳಲಿಲ್ಲ.

ಆ ಬಂಡೆಯ ಮೇಲೆ ಕೂತು ನಿಮ್ಮ ದೊಡ್ಡಪ್ಪ ಮಾತು ಕಲಿತರು ಎನ್ನಬೇಕು. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರುತ್ತಿದ್ದದ್ದು, ಗಿರಣಿಯ ಸದ್ದು ಕನಸಿನಲ್ಲೂ ಕೇಳುವುದು, ನನ್ನನ್ನು ನೋಡಲು ಬಂದ ದಿನ ನನ್ನ ಬದಲು ನನ್ನ ತಂಗಿಯನ್ನು ನೋಡಿ ಒಪ್ಪಿ, ಆಮೇಲೆ ಗಾಬರಿಯಾದದ್ದು, ಎಲ್ಲವನ್ನೂ ಹೇಳಿದರು. ಅದನ್ನು ಕೇಳಿ ನಾನು ಒಂದು ಹೊತ್ತು ಸಿಟ್ಟಾಗಿಯೂ ಇದ್ದೆ. ಕತ್ತಲಾಗುತ್ತಿದ್ದಂತೆ ಡ್ಯಾಂ ಕೆಳಗಿನ ತೋಟದಲ್ಲಿ ದೀಪಗಳು ಹತ್ತುತ್ತಿದ್ದವು. ಗುರುತಿನವರು ಯಾರೂ ಇಲ್ಲದಿದ್ದರೆ ನನ್ನ ಕಿರುಬೆರಳು ಹಿಡಿದುಕೊಳ್ಳುತ್ತಿದ್ದರು. ಕೈಯಲ್ಲ, ಕಿರುಬೆರಳು ಮಾತ್ರ.

ಒಂದು ಭಾನುವಾರ ಹೊಸಪೇಟೆಯಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಹಂಪಿಗೆ ಹೊರಟೆವು. ನಾನು ಹಿಂದೆ ಕೂತೆ. ಕಡ್ಡಿರಾಂಪುರದ ಹತ್ತಿರ ಬಂದಾಗ, ಜನ ನೋಡುತ್ತಾರೆಂದು ಇಳಿದು ನಡೆದೆ. ಊರು ದಾಟಿದ ಮೇಲೆ ಮತ್ತೆ ಹತ್ತಿದೆ. ಹಂಪಿಯ ಆ ಅಗಲವಾದ ಹಾದಿಯಲ್ಲಿ ಆಗ ಕೋತಿಗಳು ಬಿಟ್ಟರೆ ಯಾರೂ ಇರಲಿಲ್ಲ. ಇವರು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, 'ನೀ ಹೊಡಿ, ನಾ ಹಿಂದ ಹಿಡ್ಕೊಂಡಿರ್ತೀನಿ' ಎಂದರು. ಹಿಡಿದಿದ್ದಾರೆಂದು ನಂಬಿ ಸ್ವಲ್ಪ ದೂರ ಹೋದೆ. ತಿರುಗಿ ನೋಡಿದರೆ ದೂರದಲ್ಲಿ ನಿಂತು ನಗುತ್ತಿದ್ದರು. ಬಿದ್ದೆ. ಮೊಣಕಾಲು ತರಚಿತು.

ಮರುದಿನ ಅತ್ತೆ ನನ್ನ ಕುಂಟು ನಡಿಗೆ ನೋಡಿ, 'ಏನಾತು?' ಎಂದರು. 'ಸೂಜಿ ಹಾಕ್ಯಾರತ್ತಿ' ಎಂದೆ. 'ಮೊಣಕಾಲಿಗಾ?' ಎಂದರು. ಮುಂದೆ ಏನೂ ಕೇಳಲಿಲ್ಲ.

ಚೆನ್ನೀ, ಎಲ್ಲವೂ ಸೈಕಲ್ ಸವಾರಿಯಂತಿರಲಿಲ್ಲ. ಬಂಜೆ ಎನಿಸಿಕೊಂಡು ಬದುಕುವುದೇನೆಂದು ನಿನಗೆ ಗೊತ್ತಾಗುವುದೇ ಬೇಡ. ಒಮ್ಮೆ ನೆಂಟರ ಮನೆಯ ನಾಮಕರಣದಲ್ಲಿ ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದೆ. ಒಬ್ಬರು ನಗುನಗುತ್ತಲೇ ತೊಟ್ಟಿಲನ್ನು ಆಚೆ ಸರಿಸಿದರು. ನಾನು ಮನೆಯಲ್ಲಿ ಹೇಳಲಿಲ್ಲ. ಇವರಿಗೆ ಯಾರಿಂದಲೋ ತಿಳಿಯಿತು. ಆ ಶನಿವಾರ ಬಂಡೆಯ ಮೇಲೆ ಕೂತು, 'ಹೇಳಿಬಿಡ್ತೀನಿ, ಸಾಕು' ಎಂದರು. ನಾನೇ ಬೇಡವೆಂದೆ. ಒಮ್ಮೆ ಹೇಳಿದರೆ ಊರು ಗಂಡಸನ್ನು ಬದುಕಗೊಡುವುದಿಲ್ಲ ಎಂಬ ಅಂಜಿಕೆ ನನಗಿತ್ತು.

ಕೊನೆಗೆ ಮನೆಯವರು ಇವರಿಗೆ ಎರಡನೆಯ ಮದುವೆಯ ಮಾತೆತ್ತಿದರು. ಸಂಡೂರಿನ ಕಡೆ ಬಂಡ್ರಿಯ ಹುಡುಗಿ. ಇವರು ಒಪ್ಪದಿದ್ದರೂ ನಿಮ್ಮಜ್ಜ, ಹುಡುಗಿಯ ಕಡೆಯವರು ಬಂದು ಮನೆ ನೋಡಿಕೊಂಡು ಹೋಗಲಿ ಎಂದು ಹೇಳಿ ಕಳಿಸಿದರು. ಹುಡುಗಿಯ ತಂದೆ ಗುಡ್ಡಪ್ಪ ಮತ್ತು ಇಬ್ಬರು ಹಿರಿಯರು ಪಡಸಾಲೆಯಲ್ಲಿ ಕೂತಿದ್ದರು. ನಾನೇ ಚಹಾ ತಂದಿಟ್ಟೆ. ಆಗ ಇವರು ಗಿರಣಿಯಿಂದ ಹಾಗೇ ಬಂದರು. ಮೈಯೆಲ್ಲ ತೌಡು. ಕುಳಿತುಕೊಳ್ಳಲಿಲ್ಲ.

'ಹಿರ್ಯಾರ, ದೋಷ ಈಕೀದಲ್ಲ, ನಂದು. ಡಾಕ್ಟರು ಅವತ್ತ ಹೇಳ್ಯಾರ. ನನ್ನ ಮರ್ಯಾದಿ ಉಳಸಾಕ ಈಕಿ ಇಷ್ಟು ವರ್ಷ ಎಲ್ಲಾರ ಮಾತು ತಿಂದಾಳ. ನಿಮ್ಮ ಮಗಳನ್ನ ಈ ಮನಿಗೆ ಕೊಡಬ್ಯಾಡ್ರಿ.'

ಗುಡ್ಡಪ್ಪ ಎದ್ದು ಬಂದು ಇವರ ಹೆಗಲ ಮೇಲೆ ಕೈ ಇಟ್ಟು, 'ಚಲೋದಾತಪ್ಪ, ಹೇಳಿದ್ದು' ಎಂದು ಹೊರಟುಹೋದರು. ನಿಮ್ಮಜ್ಜ ಎಷ್ಟೋ ದಿನ ಮಗನ ಮುಖ ನೋಡಲಿಲ್ಲ. ಬಜಾರಿನಲ್ಲಿ ನಕ್ಕವರಿದ್ದರು. ಇವರು ತಲೆ ತಗ್ಗಿಸದೆ ಗಿರಣಿಗೆ ಹೋಗಿಬಂದರು.

ಆದರೆ ನೋಡು, ನಿಜ ಹೇಳಿದ ಮೇಲೆ ನಮ್ಮ ಶನಿವಾರ ನಿಂತುಹೋಯಿತು. ಇನ್ನು ಯಾವ ನೆಪ ಹೇಳುವುದು? ಮಳೆಗಾಲ ಕಳೆಯಿತು, ಡ್ಯಾಂ ತುಂಬಿತೆಂಬ ಸುದ್ದಿ ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಮ್ಮ ನಮ್ಮ ಕೆಲಸಕ್ಕೆ ಎದ್ದೆವು. ಒಂದು ಶನಿವಾರ ಅಡುಗೆಮನೆಗೆ ಹೋದರೆ, ಅತ್ತೆ ಒಗೆದ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದರು.

'ಔಷಧಿ ಮುಗದಿರಬೇಕಲ್ಲ, ಹೋಗಿ ತಗೊಂಬರ್ರಿ' ಎಂದರು.

'ಅತ್ತೀ, ಇನ್ನ್ಯಾವ ಔಷಧಿ...'

'ಯಾವ ಔಷಧಿ ಅಂತ ನಾ ಕೇಳೀನೇನು? ಬಸ್ ಹೋಗತೈತಿ, ಜಲ್ದಿ ಹೋಗ್ರಿ.' ನನ್ನ ಮುಖ ನೋಡದೆಯೇ ಗಂಟು ಕೈಗಿಟ್ಟರು. ಆಮೇಲೆ ಬಾಗಿಲವರೆಗೂ ಬಂದು, 'ಸುವರ್ಣಾ, ನಾನೂ ಭಾಳ ಅಂದೀನವ್ವ ನಿನಗ' ಎಂದು ಒಳಗೆ ಹೋದರು.

ಅದಕ್ಕೇ ಹೇಳುತ್ತೇನೆ, ನಿನ್ನ ಅತ್ತೆಗೆ ಸುಳ್ಳು ನೆಪ ಹೇಳಬೇಡ. 'ನಾವಿಬ್ಬರೂ ಎರಡು ದಿನ ಹೋಗಿಬರ್ತೀವ್ರಿ' ಎಂದು ಹೇಳು. ಸಿಟ್ಟಾದರೆ ಆಗಲಿ. ಅವರೂ ಒಂದು ಕಾಲಕ್ಕೆ ಬಡಿಸುತ್ತ ನಿಂತಿದ್ದವರೇ.

ಈಗ ಡ್ಯಾಂ ತುಂಬಿದೆ, ಒಳ್ಳೆಯ ಕಾಲ. ಗುಡ್ಡದ ಮೇಲೆ ಮೂಲೆಯ ಕೋಣೆ ಕೇಳಿ. ಜಂಬಪ್ಪ ಈಗಿಲ್ಲ, ತೀರಿಕೊಂಡನಂತೆ. ಬೇರೆ ಯಾರಾದರೂ ಇರುತ್ತಾರೆ. ಸಂಜೆ ತೋಟದಲ್ಲಿ ಜನ ಹೆಚ್ಚು, ಹಿನ್ನೀರಿನ ದಂಡೆಗೆ ಹೋಗಿ. ಗಾಳಿ ಜೋರಿರುತ್ತದೆ, ಶಾಲು ಮರೆಯಬೇಡ. ಹಂಪಿಗೆ ಬೆಳಿಗ್ಗೆ ಬೇಗ ಹೊರಡಿ. ಈಗ ಆಟೋಗಳಿವೆ, ಆದರೂ ಸೈಕಲ್ ಸಿಕ್ಕರೆ ಬಿಡಬೇಡಿ. ಹೊಳೆಯಲ್ಲಿ ಹರಗೋಲು ಹತ್ತುವಾಗ ನಡುವೆ ಕೂತುಕೋ.

ನೀವಿಬ್ಬರೂ ನೂರು ಕಾಲ ಒಬ್ಬರಿಗೊಬ್ಬರು ಮಾತಾಡಲು ಸಿಗುತ್ತಿರಿ. ಅದೇ ನನ್ನ ಹರಕೆ. ನಿನ್ನ ಅತ್ತೆ ಮಾವನವರಿಗೆ ನಮ್ಮ ನಮಸ್ಕಾರ ತಿಳಿಸು.

ಇಂತು ನಿನ್ನ ಪ್ರೀತಿಯ
ದೊಡ್ಡಮ್ಮ ಸುವರ್ಣಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನಿನ್ನ ಪತ್ರದ ಕೊನೆಯಲ್ಲಿ, 'ನಾನು ಡ್ಯಾಂ ನೋಡಿಯೇ ಇಲ್ಲ, ನೀವೂ ದೊಡ್ಡಪ್ಪನೂ ಒಂದು ಸಂಜೆ ನಮ್ಮ ಜೊತೆ ಬನ್ನಿ' ಎಂದು ಬರೆದಿದ್ದೀ. ಇವರಿಗೆ ಓದಿ ಹೇಳಿದೆ. ಕಾಗದ ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿ, 'ಕರದಾಳಲ್ಲ, ಹೋಗಾಣ' ಎಂದರು. ಬರುತ್ತೇವೆ.

ನೀನು ಡ್ಯಾಂ ನೋಡಿದ್ದೀ, ಚೆನ್ನೀ. ನಿನ್ನನ್ನು ಹೆತ್ತಮೇಲೆ ನಿಮ್ಮವ್ವ ಬಹಳ ಕಾಯಿಲೆ ಬಿದ್ದಳು. ನಿಮ್ಮಪ್ಪ ಉಜ್ಜಿನಪ್ಪನೇ ನಿನ್ನನ್ನು ತಂದು ನನ್ನ ಉಡಿಯಲ್ಲಿ ಹಾಕಿ, 'ಇನ್ನ ನಿನ್ನ ಮಗಳು, ಅತ್ತಿಗಿ' ಎಂದ. ನೀನು ನನ್ನನ್ನು ಅವ್ವ ಎನ್ನುತ್ತಿದ್ದೆ. ಶನಿವಾರ ಮೂವರೂ ಹೋಗುತ್ತಿದ್ದೆವು. ದಂಡೆಯಲ್ಲಿ ನಿಂತು, 'ಇದು ಯಾರ ಮನಿ ನೀರು?' ಎಂದು ಕೇಳುತ್ತಿದ್ದೆ. ನಿನಗೆ ನಾಲ್ಕು ತುಂಬುವ ಮುಂಚೆ ಅಜ್ಜಿ ತೀರಿಕೊಂಡರು, ಅಣ್ಣತಮ್ಮಂದಿರು ಬೇರೆಯಾದರು. ಅಷ್ಟರಲ್ಲಿ ನಿಮ್ಮವ್ವನಿಗೆ ಗುಣವಾಗಿತ್ತು. ಹೆತ್ತ ಕೂಸು ಎದುರಿಗೇ ಇನ್ನೊಬ್ಬಳನ್ನು ಅವ್ವ ಎನ್ನುವುದನ್ನು ಯಾವ ತಾಯಿ ಸಹಿಸುತ್ತಾಳೆ? ಅವಳ ಮೇಲೆ ತಪ್ಪು ತಿಳಿಯಬೇಡ. ನಿನ್ನ ಮದುವೆಯಲ್ಲಿ ಅವಳೇ ನನ್ನ ಕೈ ಹಿಡಿದು, 'ಅಕ್ಕಾ, ಆಕಿಗೆ ನಾ ಹೇಳಿಲ್ಲ, ನೀನ ಹೇಳು' ಎಂದಳು.

ನಿಮ್ಮಪ್ಪ, ನಿಮ್ಮವ್ವ ನಿನ್ನನ್ನು ಕರೆದುಕೊಂಡು ಗಂಗಾವತಿಗೆ ಹೊರಟ ದಿನವೂ ಶನಿವಾರವೇ ಆಗಿತ್ತು. ನೀನು ಅಳಲಿಲ್ಲ. ಡ್ಯಾಮಿಗೆ ಹೊರಟಿದ್ದೇವೆ ಎಂದುಕೊಂಡು ಎಲ್ಲರಿಗಿಂತ ಮುಂಚೆ ಬಸ್ ಹತ್ತಿದೆ. ಕಿಟಕಿಯ ಹತ್ತಿರ ಕೂತು, ಪಕ್ಕದಲ್ಲಿ ನನಗೆಂದು ಅಂಗೈ ಊರಿ ಜಾಗ ಹಿಡಿದೆ. ಯಾರಾದರೂ ಕೂರಲು ಬಂದರೆ, 'ನಮ್ಮವ್ವ ಬರ್ತಾಳ' ಎನ್ನುತ್ತಿದ್ದೆ. ನಾನು ಕೆಳಗೆ ನಿಂತಿದ್ದೆ. ಬಸ್ಸು ಬಿಟ್ಟಿತು. ಆಗಲೂ ನಿನ್ನ ಅಂಗೈ ಆ ಜಾಗದ ಮೇಲೆಯೇ ಇತ್ತು.