ಬಿಳಿ ಬಟ್ಟೆ ಕಂಡು ಬುತ್ತಿ ಒಯ್ದವರು

ಕೆಂಪುದಿಣ್ಣೆ, ಅಂಗಾರಕ ಗ್ರಹ
ಆಷಾಢದ ಐವತ್ತೊಂದನೆಯ ದಿನ, ಕ್ರಿ.ಶ. 2391

ನೂರಾರು ವರ್ಷ ಹಿಂದಿನ, ಇನ್ನೂ ಭೂಮಿ ಬಿಡದ ನನ್ನ ಹಿರಿಯರಿಗೆ ಗಂಗವ್ವನ ಶರಣು. ನಮ್ಮ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ತಿಂಗಳಿಗೆ ಐವತ್ತಾರು ದಿನ ಎಣಿಸುವ ಜನ ನಾವು, ಮಾತೂ ಸ್ವಲ್ಪ ಉದ್ದವೇ.

ಇವತ್ತು ಇಲ್ಲಿ ಶರಣಾಗತಿ ಹಬ್ಬ. ನಾವಿರುವುದು ಉಸಿರುಚಪ್ಪರದ ಕೆಳಗೆ, ಅಂದರೆ ಗಾಳಿಯನ್ನು ಹಿಡಿದಿಡುವ ಗಾಜಿನ ಮಾಡಿನ ಕೆಳಗೆ. ಮನೆಯ ಗೋಡೆಗಳು ಭಾರಿ ದಪ್ಪ, ಪಕ್ಕದವರ ಅಳು ಕೇಳಿಸುವುದಿಲ್ಲ. ಅದಕ್ಕೇ ಸಾವಾದ ಮನೆಯವರು ಬಾಗಿಲಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಆ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ ಕಂಡವರು ಬುತ್ತಿ ಒಯ್ಯಬೇಕು. ಹಾವು ಮುಂಗುಸಿಯಂತಿದ್ದವರೂ ಒಯ್ಯಲೇಬೇಕು.

ನಮ್ಮನ್ನು ಆಳುತ್ತಿದ್ದ ಭೂಮಿಯ ಪಡೆ ಕೊನೆಗೆ ಇದೇ ಚಪ್ಪರದ ಕೆಳಗಿನ ಒಂದೇ ಕೋಟೆಯಲ್ಲಿ ಉಳಿದಿತ್ತು. ನಮ್ಮವರು ಅದಕ್ಕೆ ಹೋಗುವ ನೀರು ಕಟ್ಟಿದರು. ನನ್ನ ಅಪ್ಪ ಕಲ್ಲಪ್ಪ ಅದರೊಳಗೆ ಸೆರೆಯಾಳಾಗಿದ್ದ. ಒಂದು ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಬಿಳಿ ಬಟ್ಟೆ ಕಂಡಿತು. ಸೋತೆವೆಂದು ಹೇಳಲು ಅವರು ಕಟ್ಟಿದ್ದರಂತೆ. ಇಲ್ಲೇ ಹುಟ್ಟಿ ಬೆಳೆದ ನಮ್ಮವರಿಗೆ ಆ ರಿವಾಜು ಏನು ಮಣ್ಣು ಗೊತ್ತು! ಅಪ್ಪನ ತಾಯಿ ಬಾಳವ್ವ, ಮಗನೇ ಹೋದನೇನೋ ಎಂದು ಅಂಜುತ್ತಲೇ ರೊಟ್ಟಿ ಬಡಿದಳು. ಓಣಿಯ ಹೆಂಗಸರು ಬುತ್ತಿ, ನೀರಿನ ತಂಬಿಗೆ ಹಿಡಿದು ಅವಳ ಹಿಂದೆ ಹೊರಟರು. ನಮ್ಮ ಕಾವಲಿನವರು ಎಷ್ಟು ಬೈದರೂ ನಿಲ್ಲಲಿಲ್ಲ.

ಅವರ ಸೇನಾಧಿಕಾರಿ ತನ್ನ ಆಯುಧ ಒಪ್ಪಿಸಲು ಎರಡೂ ಕೈಯಲ್ಲಿ ಚಾಚಿಕೊಂಡು ಹೊರಗೆ ಬಂದ. ಅಜ್ಜಿ ಅದರ ಕಡೆ ನೋಡಲೂ ಇಲ್ಲ.

“ಯಾರು ಹೋದ್ರೋ ಯಪ್ಪಾ?” ಎಂದಳು.

ಅವನು ಅರೆಬರೆ ಕನ್ನಡದಲ್ಲಿ, “ನಿಮ್ಮವನೊಬ್ಬ. ಕಲ್ಲಪ್ಪ. ನಿನ್ನೆ. ನೀರಿರಲಿಲ್ಲ” ಎಂದ.

ನೀರು ಕಟ್ಟಿದವರು ನಾವು. ಉಳಿದದ್ದನ್ನು ಸೆರೆಯಾಳಿಗೆ ಕೊಡದೆ ತಾವೇ ಕುಡಿದವರು ಅವರು. ಯಾರನ್ನು ಶಪಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅಜ್ಜಿ, “ಒಲಿ ಹಚ್ಚಿರಂಗಿಲ್ಲ ನೀವು. ಉಣ್ರಿ” ಎಂದು ಬುತ್ತಿ ಅವನ ಕೈಗಿಟ್ಟಳು. ಆಮೇಲೆ ಅಲ್ಲೇ ಕುಸಿದು ಎದೆ ಬಡಿದುಕೊಂಡು ಅತ್ತಳು. ಅವನು ತಲೆ ತಗ್ಗಿಸಿ ಉಂಡ. ಮಧ್ಯಾಹ್ನದ ಹೊತ್ತಿಗೆ ಸಹಿ ಬಿತ್ತು, ನಾವು ಸ್ವತಂತ್ರರಾದೆವು.

ನಾನಾಗ ತೀರ ಸಣ್ಣವಳು. ಈಗ ಹಲ್ಲೆಲ್ಲ ಉದುರಿವೆ. ಹೊರಗೆ ಮೊಮ್ಮಕ್ಕಳು ಹಾಡು ಹೇಳುತ್ತಿದ್ದಾರೆ, ನಾನು ಮಾತ್ರ ಹಬ್ಬದ ಹೋಳಿಗೆ ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮನ್ನು ಇಲ್ಲಿಗೆ ಕಳಿಸುವ ಕರಾರು ಬರೆಯುವವರು ನೀವೇ. ಆ ನೆಲ ಅಲ್ಲಿ ಹೋಗಿ ಬಾಳುವವರದು ಎಂದು ಮೊದಲೇ ಬರೆದುಬಿಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಆಗ ಯುದ್ಧವೂ ಇಲ್ಲ, ಗೆಲುವೂ ಇಲ್ಲ, ಈ ಹಬ್ಬವೂ ಇರುವುದಿಲ್ಲ. ಹಬ್ಬ ಬೇಡ ಬಿಡಿ. ನನಗೆ ನನ್ನ ಅಪ್ಪ ಬೇಕು.